ಊಟ ಆಗ್ತಾ ಅದೆ

ಕಾರವಾರದ ಆಸ್ಪತ್ರೆ, ಮೂರನೇ ಮಹಡಿ.
ಕಿಟಕಿಯಲ್ಲಿ ಒಂದು ಗೇಣು ಸಮುದ್ರ,
ಕಂಬಕ್ಕೆ ತೂಗಿದ ಚೀಲದಲ್ಲಿ ಕಾಲು ಲೀಟರ್ ಬಿಳುಪು.
ಹಾಲಲ್ಲ, ಅಂದರು ಸಿಸ್ಟರ್ ಲುದೊವಿನಾ,
ಎಣ್ಣೆ.

ಎಣ್ಣೆಯ ಸುದ್ದಿ ನನಗೆ ಹೇಳುವುದೇ?
ಇಪ್ಪತ್ತಾರು ವರ್ಷ ಬೈತಖೋಲದ ಮಿಲ್ಲಿನಲ್ಲಿ
ತಾರ್ಲೆ ಬೇಯಿಸಿ, ಹಿಂಡಿ, ಪೀಪಾಯಿ ತುಂಬಿಸಿದವ.
ಬಸ್ಸಿನಲ್ಲಿ ನನ್ನ ಪಕ್ಕದ ಸೀಟು
ಅಂಕೋಲೆಯ ತನಕ ಖಾಲಿಯೇ ಹೋಗುತ್ತಿತ್ತು.
ಮದುವೆಯ ರಾತ್ರಿ ಶೇವಂತಿ
ಮೂರು ಸಲ ಸೋಪು ಕೊಟ್ಟಳು,
ನಾಲ್ಕನೆಯ ಸಲ ನಕ್ಕಳು.

ಕರುಳು ತಿರುಚಿಕೊಂಡಿತು, ಒದ್ದೆ ಹಗ್ಗದಂತೆ.
ಕಪ್ಪಾದದ್ದನ್ನು ಕತ್ತರಿಸಿ ತೆಗೆದರು.
ಉಳಿದದ್ದು ಮೊಳದ ಮೇಲೆ ಸ್ವಲ್ಪ,
ಗಾಳಕ್ಕೂ ಸಾಲದ ದಾರ.
ಈಗ ಊಟವೆಲ್ಲ ಕುತ್ತಿಗೆ ಕೆಳಗಿನ ನಾಳದಲ್ಲಿ.
ನಾಲಿಗೆಗೆ ಸುದ್ದಿಯಿಲ್ಲ, ಹೊಟ್ಟೆಗೆ ಕರೆಯಿಲ್ಲ,
ರಾತ್ರಿ ಎಂಟಕ್ಕೆ ಪಂಪು ಟಿಕ್ ಅಂದರೆ
ನಾನು ಉಣ್ಣುತ್ತಿದ್ದೇನೆ ಅಂತ ಅರ್ಥ.

ಮೊದಲ ತಿಂಗಳು ಬರೀ ಸೋಯಾ.
ಡಾಕ್ಟರ್ ಮೇಸ್ತ, ಹೊನ್ನಾವರದ ಹುಡುಗಿ, ಬೆರಳಿಗೆ ಮಸಿ,
ಗುಳಿಗೆಯ ಪೊಟ್ಟಣದ ಹಿಂದೆ ಚಿತ್ರ ಬರೆದು ಹೇಳಿದಳು:
ಎಣ್ಣೆ ನೀರಿಗೆ ಸೇರುವುದಿಲ್ಲ, ರಕ್ತಕ್ಕೂ ಸೇರುವುದಿಲ್ಲ.
ಮೊಟ್ಟೆಯ ಹಳದಿಯಿಂದ ತೆಗೆದ ಅಂಗಿ ತೊಡಿಸಿ
ಕಣ್ಣಿಗೆ ಕಾಣದ ಹನಿ ಮಾಡಿ ಬಿಡುತ್ತೇವೆ.
ಒಳಗೆ ಹೋದ ಹನಿ
ನಿಮ್ಮದೇ ಒಳ್ಳೆ ಕೊಲೆಸ್ಟ್ರಾಲಿನ ಹತ್ತಿರ
ಒಂದು ಬಿಲ್ಲೆ ಎರವಲು ಪಡೆದು
ಊರವನಂತೆ ತಿರುಗುತ್ತದೆ.
ನಾಳದ ಗೋಡೆಯಲ್ಲಿ ಕೂತ ಕಿಣ್ವ
ಬಿಲ್ಲೆ ನೋಡಿ ಗಂಟು ಬಿಚ್ಚುತ್ತದೆ.

ನನಗೆ ಕಂಡದ್ದು ಧಕ್ಕೆ.
ದೋಣಿ ಗೋಡೆಗೆ ತಾಗುತ್ತದೆ, ಬುಟ್ಟಿಗಳು ಇಳಿಯುತ್ತವೆ,
ಖಾಲಿಯಾದದ್ದು ಯಕೃತ್ತಿನ ಕಡೆ ವಾಲಿಕೊಂಡು ಹೋಗುತ್ತದೆ.
ದೋಣಿ ಹೆಚ್ಚಾದರೆ ಸಾಲು.
ಒಂದು ದಿನ ಬೆಳಿಗ್ಗೆ ತೆಗೆದ ರಕ್ತ
ಕೊಳವೆಯಲ್ಲಿ ಕೆನೆಗಟ್ಟಿ ನಿಂತಿತ್ತು.
ಅಂದು ಪಂಪಿನ ವೇಗ ಅರ್ಧ.

ಇಳಿದ ಮೇಲೂ ಸುಲಭವಿಲ್ಲ.
ಉದ್ದ ಸರಪಳಿಯ ಕೊಬ್ಬನ್ನು
ಜೀವಕೋಶದ ಒಲೆಯ ತನಕ ದಾಟಿಸಲು
ಕಾರ್ನಿಟೀನ್ ಎಂಬ ಅಂಬಿಗ ಬೇಕು.
ಅವನಿಗೆ ಪುರುಸೊತ್ತಿಲ್ಲದಿದ್ದರೆ ದಡದಲ್ಲೇ ಕೂತಿರಬೇಕು,
ಸೇತುವೆ ಬರುವ ಮೊದಲಿನ ಕೋಡಿಬಾಗದ ಹಾಗೆ.

ಎರಡನೇ ತಿಂಗಳು ಕಣ್ಣು ಹಳದಿ.
ಸೋಯಾದ ಜೊತೆ ಬರುವ ಗಿಡದ ಜಿಡ್ಡೇನೋ
ಪಿತ್ತದ ದಾರಿಗೆ ಅಡ್ಡ ಕೂರುತ್ತದಂತೆ.
ಶೇವಂತಿ ಕನ್ನಡಿ ಮುಚ್ಚಿಟ್ಟಳು.
ನಾನು ಸ್ಟೀಲು ಲೋಟದಲ್ಲಿ ನೋಡಿಕೊಂಡೆ.

ಆಮೇಲೆ ಬೇರೆ ಚೀಲ ಬಂತು,
ನಾಲ್ಕು ಎಣ್ಣೆ ಒಂದರಲ್ಲಿ.
ಸೋಯಾ ಇದೆ, ಅಷ್ಟಿಲ್ಲ.
ತೆಂಗಿನದು ಮೋಟು ಸರಪಳಿ, ಅಂಬಿಗನನ್ನು ಕಾಯುವುದಿಲ್ಲ,
ಈಜಿಕೊಂಡೇ ದಾಟಿ ಒಲೆಗೆ ಬಿದ್ದು
ಭಗ್ಗೆಂದು ಉರಿದು ಮುಗಿಯುತ್ತದೆ.
ನಾಳೆಗೆ ಎತ್ತಿಡುವ ಬುದ್ಧಿಯಿಲ್ಲ ಅದಕ್ಕೆ,
ಪಗಾರದ ದಿನ ನನ್ನ ತಮ್ಮ ರೋಹಿದಾಸನಿಗೆ ಇಲ್ಲದ ಹಾಗೆ.
ಆಲಿವ್, ಯಾರ ತಂಟೆಗೂ ಹೋಗದ್ದು.
ನಾಲ್ಕನೆಯದು?
ಡಾಕ್ಟರು ಪೆನ್ನಿಗೆ ಮುಚ್ಚಳ ಹಾಕಿ ನಕ್ಕಳು:
ನಿಮ್ಮದೇ. ಮೀನು.

ಚೀಲವನ್ನು ಇಳಿಸಿ ಮೂಗಿಗೆ ಹಿಡಿಸಿ ಎಂದೆ.
ಪ್ಲಾಸ್ಟಿಕ್ಕಿನ ವಾಸನೆ, ಅಷ್ಟೇ.
ಯಾವ ಕಡಲಿನದೋ,
ಯಾವ ಮಿಲ್ಲಿನವನ ಪಕ್ಕದ ಸೀಟು ಖಾಲಿ ಹೋಯಿತೋ.
ಅದು ಉರಿಯಲು ಅವಸರ ಮಾಡುವುದಿಲ್ಲವಂತೆ,
ಕೋಶಗಳ ಗೋಡೆಯಲ್ಲೇ ಬಿಡಾರ ಹೂಡಿ
ಒಳಗಿನ ಉರಿಯೂತಕ್ಕೆ
ಸಾಕು, ಸುಮ್ಮನಿರು, ಅನ್ನುತ್ತದಂತೆ.

ಹಳದಿ ಇಳಿಯಲು ಏಳು ವಾರ.

ನಿನ್ನೆ ಶೇವಂತಿ ನನ್ನ ಕೈ ಎತ್ತಿ ಮೂಸಿದಳು.
ಏನೂ ಬರೂದಿಲ್ಲ, ಅಂದಳು.
ಬರೂದಿಲ್ಲ ಅಂದವಳು ಬಹಳ ಹೊತ್ತು
ಕೈಯನ್ನು ಮೂಗಿನ ಹತ್ತಿರವೇ ಇಟ್ಟುಕೊಂಡಳು.
ಕಿಟಕಿಯಾಚೆ ಧಕ್ಕೆಯ ದೀಪ ಒಂದೊಂದೇ ಹತ್ತಿತು.
ಪಂಪು ಟಿಕ್ ಅಂದಿತು.
ಬಾಗಿಲಲ್ಲಿ ಯಾರೋ ಸುಮ್ಮನೆ,
ರೂಢಿಯಂತೆ, ಊಟ ಆಯ್ತಾ ಅಂದರು.

ಆಗ್ತಾ ಅದೆ, ಅಂದೆ.